ಅಕಾಲದ ಹಿಮ, ಮನೆಯಲ್ಲಿ ಜ್ವರ: ತಲೆನೋವು ಫ್ಲೂನಿಂದಲೋ, ಕೋಣೆಯ ಕೆಂಡದಿಂದಲೋ?

ಕಾಶ್ಮೀರದಲ್ಲೋ ಹಿಮಾಚಲದಲ್ಲೋ ಹಿಮ ಬಿತ್ತು ಎಂಬ ವಿಡಿಯೋ ಬಂದರೆ ಸಾಕು, ಅದರ ಬೆನ್ನಿಗೇ ಮನೆಮದ್ದಿನ ಸಂದೇಶಗಳೂ ಬರುತ್ತವೆ. "ಕೋಣೆಯಲ್ಲಿ ಕೆಂಡ ಇಟ್ಟು ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ, ವಿಷಾನಿಲ ಏಳುವುದಿಲ್ಲ", "ಎರಡು ಚಮಚ ಬ್ರಾಂಡಿ ಕುಡಿದರೆ ಶೀತ ಹತ್ತಿರ ಸುಳಿಯುವುದಿಲ್ಲ", "ಕರೆಂಟ್ ಹೋದರೆ ಇನ್ಸುಲಿನ್ ಅನ್ನು ಹಿಮದಲ್ಲಿ ಹೂತಿಡಿ" ಎಂಬಂಥವು. ಬೆಚ್ಚಗಿನ ಊರಿನಲ್ಲಿ ಕುಳಿತು ಓದುವವರಿಗೆ ಇವುಗಳಿಂದ ತೊಂದರೆ ಏನಿಲ್ಲ. ಆದರೆ ಇದೇ ಸಂದೇಶವನ್ನು ಶ್ರೀನಗರದಲ್ಲಿ ಓದುತ್ತಿರುವ ಮಗಳಿಗೆ, ಗಡಿಯಲ್ಲಿರುವ ಯೋಧನ ಕುಟುಂಬಕ್ಕೆ, ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ನಾವು ಕಳಿಸಿದರೆ? ಅಲ್ಲಿ ಯಾರಾದರೂ ಜ್ವರದಲ್ಲಿ ಮಲಗಿದ್ದರೆ, ತಪ್ಪು ಸಲಹೆಯೊಂದು ಜೀವಕ್ಕೇ ಕುತ್ತು ತರಬಹುದು.

ಹಿಮ ಬಿದ್ದು ದಾರಿ ಮುಚ್ಚಿದಾಗ ಮನೆಯಲ್ಲಿರುವ ರೋಗಿಯನ್ನು ನೋಡಿಕೊಳ್ಳುವುದು ಹೇಗೆ, ಹರಿದಾಡುವ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನೋಡೋಣ.

ಬೇಗ ಬೀಳುವ ಹಿಮದಿಂದ ತೊಂದರೆ ಹೆಚ್ಚೇಕೆ?

ಕಾಶ್ಮೀರದಲ್ಲಿ ಕಡು ಚಳಿಯ 40 ದಿನಗಳನ್ನು 'ಚಿಲ್ಲೈ ಕಲಾನ್' ಎನ್ನುತ್ತಾರೆ. ಅದು ಶುರುವಾಗುವುದು ಡಿಸೆಂಬರ್ 21ಕ್ಕೆ. ಆದರೆ 2018ರಲ್ಲಿ ಮತ್ತು 2019ರಲ್ಲಿ ನವೆಂಬರ್ ಮೊದಲ ವಾರದಲ್ಲೇ ಕಣಿವೆಯಲ್ಲಿ ಭಾರೀ ಹಿಮ ಬಿತ್ತು. ಆಗ ಸೇಬಿನ ಮರಗಳಲ್ಲಿ ಇನ್ನೂ ಎಲೆಗಳಿದ್ದವು. ಎಲೆಯಿರುವ ಕೊಂಬೆಯ ಮೇಲೆ ಹಿಮ ಹೆಚ್ಚು ನಿಲ್ಲುತ್ತದೆ, ಭಾರಕ್ಕೆ ಕೊಂಬೆಯೇ ಮುರಿಯುತ್ತದೆ. ತೋಟಗಳು ಹಾಳಾದವು, ವಿದ್ಯುತ್ ಹೋಯಿತು, ಜಮ್ಮು–ಶ್ರೀನಗರ ಹೆದ್ದಾರಿ ಬಂದ್ ಆಯಿತು.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ 2011ರ ಅಕ್ಟೋಬರ್ 29–30ರಂದು ಹೀಗೇ ಆಯಿತು. ಎಲೆ ಉದುರುವ ಮೊದಲೇ ಬಿದ್ದ ಹಿಮಕ್ಕೆ ಮರಗಳು ವಿದ್ಯುತ್ ತಂತಿಗಳ ಮೇಲೆ ಉರುಳಿ, 30 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳು ಕತ್ತಲಾದವು. ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ನ್ಯೂಜೆರ್ಸಿ ಮತ್ತು ಕನೆಕ್ಟಿಕಟ್ ಕೂಡ ಅದರಲ್ಲಿ ಸೇರಿದ್ದವು. ಕರೆಂಟ್ ಇಲ್ಲದ ಮನೆಗಳಲ್ಲಿ ಜನರು ಇದ್ದಿಲಿನ ಒಲೆ ಹಚ್ಚಿದರು, ಜನರೇಟರ್ ಓಡಿಸಿದರು. ಹಿಮದಿಂದ ಪಾರಾದ ಕೆಲವರು ಆ ಒಲೆ, ಜನರೇಟರ್‌ಗಳ ವಿಷಾನಿಲಕ್ಕೆ ಬಲಿಯಾದರು.

ಕಾಲಕ್ಕೆ ಸರಿಯಾಗಿ ಬರುವ ಹಿಮಕ್ಕೆ ಜನ ಮೊದಲೇ ಸಜ್ಜಾಗಿರುತ್ತಾರೆ: ಹೊಗೆ ಕೊಳವೆ ಸ್ವಚ್ಛ ಮಾಡಿಸಿರುತ್ತಾರೆ, ಔಷಧಿ ತಂದಿಟ್ಟಿರುತ್ತಾರೆ. ಬೇಗ ಬಂದ ಹಿಮ ಅಷ್ಟು ಸಮಯ ಕೊಡುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಹಚ್ಚಿ ಬಾಗಿಲು ಮುಚ್ಚಿಕೊಳ್ಳುತ್ತೇವೆ. ದೊಡ್ಡ ಅಪಾಯ ಇರುವುದು ಇಲ್ಲಿಯೇ.

ಮುಚ್ಚಿದ ಕೋಣೆಯ ಕೆಂಡ ಏನು ಮಾಡುತ್ತದೆ?

ಕಟ್ಟಿಗೆ, ಇದ್ದಿಲು, ಸೀಮೆಎಣ್ಣೆ, ಗ್ಯಾಸ್, ಪೆಟ್ರೋಲ್ ಯಾವುದೇ ಇರಲಿ, ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಪರು. ನಿದ್ದೆಯಲ್ಲಿದ್ದವರಿಗೆ ಇದ್ಯಾವುದೂ ಗೊತ್ತಾಗದೆ ಪ್ರಜ್ಞೆಯೇ ತಪ್ಪಬಹುದು.

"ಇದ್ದಿಲಿಗೆ ಹೊಗೆಯಿಲ್ಲ, ಆದ್ದರಿಂದ ಅದು ಸುರಕ್ಷಿತ" ಎಂಬುದು ಬಹಳ ಜನರ ನಂಬಿಕೆ. ನಿಜಕ್ಕೂ ಅಪಾಯ ಹೆಚ್ಚಿರುವುದು ಅಲ್ಲಿಯೇ. ಹೊಗೆಯಿದ್ದರೆ ಕೆಮ್ಮು ಬಂದು ನಾವೇ ಕಿಟಕಿ ತೆರೆಯುತ್ತೇವೆ. ಕೆಂಪಗೆ ಹೊಳೆಯುವ ಕೆಂಡ ಯಾವ ಸೂಚನೆಯನ್ನೂ ಕೊಡದೆ ಈ ಅನಿಲವನ್ನು ಉಗುಳುತ್ತಿರುತ್ತದೆ.

ಫ್ಲೂ ಯಾವುದು, ವಿಷಾನಿಲ ಯಾವುದು?

ತಲೆನೋವು, ವಾಕರಿಕೆ, ಸುಸ್ತು ಎರಡರಲ್ಲೂ ಇರುತ್ತವೆ. ಮನೆಯಲ್ಲಿ ಒಬ್ಬರಿಗೆ ಮೊದಲೇ ಜ್ವರ ಇದ್ದರೆ, ಉಳಿದವರಿಗೆ ತಲೆನೋವು ಬಂದಾಗ "ನನಗೂ ಅಂಟಿಕೊಂಡಿತು" ಎಂದುಕೊಂಡು ಕೆಂಡಕ್ಕೆ ಇನ್ನಷ್ಟು ಹತ್ತಿರ ಮಲಗುತ್ತಾರೆ. ಹಾಗಾಗಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಥರ್ಮಾಮೀಟರ್‌ನಲ್ಲಿ ಜ್ವರ ಇದೆಯೇ? ಫ್ಲೂನಲ್ಲಿ ಸಾಮಾನ್ಯವಾಗಿ ಜ್ವರ, ಕೆಮ್ಮು, ಗಂಟಲು ನೋವು ಇರುತ್ತವೆ. ವಿಷಾನಿಲದಿಂದ ಜ್ವರ ಬರುವುದಿಲ್ಲ.
2. ಎಲ್ಲರಿಗೂ ಒಟ್ಟಿಗೇ ಶುರುವಾಯಿತೇ? ಫ್ಲೂ ಒಬ್ಬರಿಂದ ಒಬ್ಬರಿಗೆ ಹರಡಲು ದಿನಗಳು ಬೇಕು. ಒಂದೇ ಸಂಜೆ ಮನೆಮಂದಿಗೆಲ್ಲ ತಲೆನೋವು ಬಂದರೆ ಗಾಳಿಯ ಮೇಲೆ ಅನುಮಾನಪಡಿ.
3. ಹೊರಗೆ ಹೋದಾಗ ಹಗುರವಾಗಿ, ಒಳಗೆ ಬಂದಾಗ ಮತ್ತೆ ಹೆಚ್ಚಾಗುತ್ತಿದೆಯೇ?
4. ಮನೆಯ ಬೆಕ್ಕು, ನಾಯಿಯೂ ಮಂಕಾಗಿವೆಯೇ?

ಅನುಮಾನ ಬಂದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಎಲ್ಲರೂ ತಕ್ಷಣ ಹೊರಗಿನ ಗಾಳಿಗೆ ಬನ್ನಿ. ರೋಗಿಯನ್ನು ಕಂಬಳಿಯಲ್ಲಿ ಸುತ್ತಿ ಕರೆತನ್ನಿ. ಬಳಿಕ ತುರ್ತು ಸಂಖ್ಯೆಗೆ ಕರೆ ಮಾಡಿ: ಭಾರತದಲ್ಲಿ 112, ಅಮೆರಿಕದಲ್ಲಿ 911. ಆಸ್ಪತ್ರೆಯಲ್ಲಿ ಕೊಡುವ ಆಮ್ಲಜನಕವೇ ಇದಕ್ಕೆ ಮುಖ್ಯ ಚಿಕಿತ್ಸೆ.

ಇನ್ನೊಂದು ಮಾತು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನ್ನು ಇಲ್ಲಿ ನಂಬಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಹಿಮೋಗ್ಲೋಬಿನ್‌ಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ರೋಗಿ ಅಪಾಯದಲ್ಲಿದ್ದರೂ ಅದು 98 ಎಂದು ತೋರಿಸಬಹುದು.

ಹರಿದಾಡುವ ಸಂದೇಶಗಳು, ಅವುಗಳ ಸತ್ಯ

*ಸಂದೇಶ: ಕೆಂಡದ ಪಕ್ಕ ನೀರಿನ ಬಕೆಟ್ ಇಟ್ಟರೆ ವಿಷಾನಿಲವನ್ನು ನೀರು ಹೀರಿಕೊಳ್ಳುತ್ತದೆ.*
ತಪ್ಪು. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ನೀರಿನಿಂದ ಗಾಳಿಗೆ ತುಸು ತೇವಾಂಶ ಸೇರಬಹುದು, ಅಷ್ಟೇ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೂ ಈ ಅನಿಲ ನಿಲ್ಲುವುದಿಲ್ಲ.

*ಸಂದೇಶ: ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ.*
ತಪ್ಪು. 2021ರ ಕೋವಿಡ್ ಅಲೆಯಲ್ಲಿ ಬಹಳ ಹರಿದಾಡಿದ ಸಂದೇಶವಿದು. ಘಾಟಿಗೆ ಮೂಗು ತೆರೆದಂತೆ ಅನ್ನಿಸಬಹುದು, ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ. ಪುಟ್ಟ ಮಕ್ಕಳ ಕೈಗೆ ಕರ್ಪೂರ ಸಿಗದಂತೆ ನೋಡಿಕೊಳ್ಳಿ. ಅದನ್ನು ನುಂಗಿದರೆ ಫಿಟ್ಸ್ ಬರಬಹುದು.

*ಸಂದೇಶ: ಬ್ರಾಂಡಿ, ರಮ್ ಕುಡಿದರೆ ಮೈ ಬೆಚ್ಚಗಾಗುತ್ತದೆ.*
ದಾರಿ ತಪ್ಪಿಸುವ ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ಎನಿಸುವುದು ಚರ್ಮಕ್ಕೆ ಮಾತ್ರ, ದೇಹದೊಳಗಿನ ಶಾಖ ಹೊರಗೆ ಸೋರುತ್ತದೆ. ಜ್ವರದ ಮಾತ್ರೆ ನುಂಗುತ್ತಿರುವವರಿಗೆ ಯಕೃತ್ತಿನ ಮೇಲೂ ಹೊರೆ.

*ಸಂದೇಶ: ಕರೆಂಟ್ ಹೋದರೆ ಇನ್ಸುಲಿನ್ ಅನ್ನು ಹಿಮದಲ್ಲಿಡಿ.*
ತಪ್ಪು, ಅಪಾಯಕಾರಿ. ಇನ್ಸುಲಿನ್ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ. ಬಳಕೆಯಲ್ಲಿರುವ ಬಾಟಲಿ ಅಥವಾ ಪೆನ್ ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಇರಬಲ್ಲದು (ಪೊಟ್ಟಣದ ಮೇಲೆ ಬರೆದಿರುವ ಅವಧಿ ನೋಡಿಕೊಳ್ಳಿ). ಕಿಟಕಿಯ ಅಂಚಿನಲ್ಲಿ ಬೇಡ, ಹೀಟರ್ ಪಕ್ಕವೂ ಬೇಡ.

*ಸಂದೇಶ: ಹೊಸ ಹಿಮ ಶುದ್ಧ, ಹಾಗೇ ತಿನ್ನಬಹುದು.*
ಬೇಡ. ಹಿಮ ತಿಂದರೆ ಅದನ್ನು ಕರಗಿಸಲು ದೇಹವೇ ಶಾಖ ಖರ್ಚು ಮಾಡಬೇಕು. ಬೇರೆ ನೀರಿಲ್ಲದಿದ್ದರೆ ಸ್ವಚ್ಛ ಹಿಮವನ್ನು ಕರಗಿಸಿ, ನೀರು ಚೆನ್ನಾಗಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ. ಗುಲ್ಮಾರ್ಗ್‌ನಂತಹ 2,000 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ.

ರೋಗಿಯನ್ನು ಬೆಚ್ಚಗಿಡುವುದು ಹೇಗೆ?

ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರೆಂಟ್ ಇಲ್ಲದಾಗ ಇಡೀ ಮನೆಯನ್ನು ಬೆಚ್ಚಗಿಡಲು ಹೋಗಬೇಡಿ. ಒಂದೇ ಕೋಣೆ ಆರಿಸಿಕೊಳ್ಳಿ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ. ಒಂದು ದಪ್ಪ ಬಟ್ಟೆಗಿಂತ ತೆಳುವಾದ ಮೂರು ಬಟ್ಟೆ ಒಂದರ ಮೇಲೊಂದು ಹಾಕಿದರೆ ಹೆಚ್ಚು ಬೆಚ್ಚಗಿರುತ್ತದೆ. ತಲೆಗೆ ಟೋಪಿ, ಕಾಲಿಗೆ ಸಾಕ್ಸ್ ಇರಲಿ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಕೊಡಬಹುದು.

ಕಾಶ್ಮೀರದ 'ಬುಖಾರಿ' ಎಂಬ ಕಬ್ಬಿಣದ ಒಲೆಗೆ ಹೊಗೆ ಹೊರಹೋಗುವ ಕೊಳವೆ ಇರುತ್ತದೆ. ಹಚ್ಚುವ ಮೊದಲು ಆ ಕೊಳವೆಯ ಹೊರತುದಿ ಹಿಮದಿಂದ ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬೆತ್ತದ ಬುಟ್ಟಿಯೊಳಗಿನ ಮಣ್ಣಿನ ಪಾತ್ರೆಯಲ್ಲಿ ಕೆಂಡ ತುಂಬುವ 'ಕಾಂಗ್ರಿ'ಯನ್ನು ಹಾಸಿಗೆಯೊಳಗೆ ಇಟ್ಟುಕೊಂಡು ಮಲಗುವುದು ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮಲಗುವ ಮೊದಲು ಬೆಂಕಿಯೆಲ್ಲ ಆರಿರಬೇಕು ಅಥವಾ ಕೋಣೆಯಿಂದ ಆಚೆ ಹೋಗಿರಬೇಕು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದ ಬಯಲಿನಲ್ಲಿರಲಿ. ಹಿಮದಲ್ಲಿ ಹೂತ ಕಾರಿನೊಳಗೆ ಎಂಜಿನ್ ಚಾಲೂ ಮಾಡಿ ಕೂರುವ ಮುನ್ನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುವಂತಿದ್ದರೆ ಚಳಿಗಾಲಕ್ಕೆ ಮೊದಲೇ ಕೊಂಡಿಡಿ.

ಔಷಧಿ, ಆಹಾರ

- ಚಳಿ ಹತ್ತಿ ನಡುಗುವಾಗ ಹೊದಿಸಿ, ಮೈ ಸುಡುವಾಗ ಒಂದು ಹೊದಿಕೆ ತೆಗೆಯಿರಿ. ಕಂಬಳಿಯ ಮೇಲೆ ಕಂಬಳಿ ಹೇರಿ ಬೆವರಿಸಿದರೆ ಕಾಯಿಲೆ ಇಳಿಯುವುದಿಲ್ಲ.
- ಗಂಜಿ, ತಿಳಿಸಾರು, ಬಿಸಿನೀರು ಸ್ವಲ್ಪ ಸ್ವಲ್ಪವೇ ಆಗಾಗ ಕೊಡಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದು ಕಡಿಮೆ. ವಾಂತಿ, ಭೇದಿ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.
- ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ನೆಗಡಿಯ ಮಾತ್ರೆಗಳಲ್ಲೂ ಹೆಚ್ಚಾಗಿ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದ ಪ್ರಮಾಣ ಮಾತ್ರ. ಅವರಿಗೆ ಆಸ್ಪಿರಿನ್ ಬೇಡ.
- ಅಸ್ತಮಾದ ಇನ್ಹೇಲರ್ ತೀರಾ ತಣ್ಣಗಾದರೆ ಔಷಧಿ ಸರಿಯಾಗಿ ಬರುವುದಿಲ್ಲ. ಬಳಸುವ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ.
- ಆಮ್ಲಜನಕದ ಸಿಲಿಂಡರ್ ಇರುವ ಕೋಣೆಯಲ್ಲಿ ಬೆಂಕಿ, ಮೇಣದಬತ್ತಿ ಹಚ್ಚಬೇಡಿ. ಟಾರ್ಚ್ ಬಳಸಿ.
- ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ. ಒಳಜೇಬಿನಲ್ಲಿಡಿ. ಹಿಮದ ವಿಡಿಯೋಗಿಂತ ಆಂಬುಲೆನ್ಸ್ ಕರೆಗೆ ಚಾರ್ಜ್ ಉಳಿಯಲಿ.

ಯಾವಾಗ ಕಾಯಬಾರದು?

ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಯಾಗುವುದು, ಅಸಂಬದ್ಧ ಮಾತು, ಫಿಟ್ಸ್, ಇಡೀ ದಿನ ಮೂತ್ರ ಬಾರದಿರುವುದು: ಇವುಗಳಲ್ಲಿ ಒಂದಿದ್ದರೂ ದಾರಿ ತೆರೆಯಲೆಂದು ಕಾಯದೆ ಕರೆ ಮಾಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಬಂದರೂ ಹಾಗೆಯೇ.

ಮಗುವಿಗೆ ನ್ಯುಮೋನಿಯಾ ಇರಬಹುದೇ ಎಂದು ತಿಳಿಯಲು, ಅದು ಅಳದೆ ಶಾಂತವಾಗಿರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗಿನ ಮಗುವಿಗೆ 60, 2ರಿಂದ 11 ತಿಂಗಳ ಮಗುವಿಗೆ 50, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರು ನೋಡಲೇಬೇಕು.

ವಯಸ್ಸಾದವರಲ್ಲಿ ಸೋಂಕು ಇದ್ದರೂ ಜ್ವರ ಏರದಿರಬಹುದು. ಅಜ್ಜ, ಅಜ್ಜಿ ಮಂಕಾಗಿ ತೊದಲುತ್ತಿದ್ದರೆ, ಮೈ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ (95 ಫ್ಯಾರನ್‌ಹೀಟ್) ಕೆಳಗಿಳಿದಿದ್ದರೆ ಅದು ನಿದ್ದೆಯ ಮಂಪರಲ್ಲ, ತುರ್ತು ಸ್ಥಿತಿ.

ಹಿಮವಿಲ್ಲದ ನಮ್ಮೂರಿಗೂ ಇದು ಬೇಕೇ?

ಬೇಕು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಮೃತಪಟ್ಟ ಸುದ್ದಿಗಳು ಬೆಂಗಳೂರಿನಿಂದಲೂ ಬಂದಿವೆ. ಕಾಶ್ಮೀರದ ಕೆಂಡದಿಂದ ಹೊರಡುವುದೂ ನಮ್ಮ ಗೀಸರ್‌ನಿಂದ ಹೊರಡುವುದೂ ಒಂದೇ ಅನಿಲ. ಮಡಿಕೇರಿಯ ಮಳೆಚಳಿಯಲ್ಲಿ ಮಲಗುವ ಕೋಣೆಯೊಳಗೆ ಕೆಂಡ ತಂದಿಡುವವರಿಗೂ ಇದೇ ಎಚ್ಚರಿಕೆ ಅನ್ವಯ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

"ಹಿಮ ಬಿದ್ದಿದೆಯೇ? ಮುಚ್ಚಿದ ಕೋಣೆಯಲ್ಲಿ ಕೆಂಡ, ಗ್ಯಾಸ್ ಒಲೆ, ಜನರೇಟರ್ ಬೇಡ. ನೀರಿನ ಬಕೆಟ್ ಕಾಪಾಡುವುದಿಲ್ಲ. ಜ್ವರವಿಲ್ಲದೆ ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ ಮೊದಲು ಹೊರಗೆ ಬನ್ನಿ, ಆಮೇಲೆ 112ಕ್ಕೆ ಕರೆ ಮಾಡಿ. ಆಕ್ಸಿಮೀಟರ್ ಸರಿ ತೋರಿಸಿದರೂ ನಂಬಬೇಡಿ. ಇನ್ಸುಲಿನ್ ಹೆಪ್ಪುಗಟ್ಟಲು ಬಿಡಬೇಡಿ."