ಜೀವನಾಂತ್ಯದ ಆರೈಕೆಯ ತರಬೇತಿ: ಕರ್ನಾಟಕದಲ್ಲಿ ಅದರ ಇತಿಹಾಸ

ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರ ನೋವು, ಉಬ್ಬಸ, ಹುಣ್ಣು, ಭಯಗಳನ್ನು ತಗ್ಗಿಸಲು ಮತ್ತು ಅವರ ಮನೆಯವರಿಗೆ ಆಸರೆಯಾಗಲು ದಾದಿಯರು, ವೈದ್ಯರು, ಆಶಾ ಕಾರ್ಯಕರ್ತೆಯರು, ಸ್ವಯಂಸೇವಕರು ಹಾಗೂ ಕುಟುಂಬದವರು ಪಡೆಯುವ ಶಿಕ್ಷಣವನ್ನು ಜೀವನಾಂತ್ಯದ ಆರೈಕೆಯ ತರಬೇತಿ ಎನ್ನುತ್ತಾರೆ. ಇದು ನರಳಾಟ ತಗ್ಗಿಸುವ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ಒಂದು ಅಂಗ. ಕರ್ನಾಟಕದಲ್ಲಿ ಅದರ ಆಧುನಿಕ ರೂಪ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೇರೂರಿತು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳ ಆರೋಗ್ಯ ಉಪಕೇಂದ್ರಗಳ ಕೆಲಸದ ಪಟ್ಟಿಗೆ ಅದು ಸೇರಲು ಮತ್ತೆರಡು ದಶಕ ಹಿಡಿಯಿತು. ಹಳ್ಳಿಯವರು ಕೊನೆಯ ದಿನಗಳನ್ನು ಕಳೆಯುವುದು ಬಹುಮಟ್ಟಿಗೆ ಮನೆಯಲ್ಲಿ; ತರಬೇತಿ ಪಡೆದವರು ಇರುವುದು ಬಹುಮಟ್ಟಿಗೆ ನಗರದ ಆಸ್ಪತ್ರೆಗಳಲ್ಲಿ. ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನಗಳೇ ಈ ವಿಷಯದ ಇತಿಹಾಸ.

ಸಾಯುವವರ ಬಳಿ ಇರಬೇಕಾದವರಿಗೆ ಸಿದ್ಧತೆ ಬೇಕು ಎಂಬ ತಿಳಿವು ಕನ್ನಡನಾಡಿಗೆ ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರಿಂದ ಮುಂದಕ್ಕೆ ಸಲ್ಲೇಖನವನ್ನು, ಅಂದರೆ ಉಪವಾಸದಿಂದ ದೇಹ ಬಿಡುವ ಜೈನ ವ್ರತವನ್ನು, ದಾಖಲಿಸುವ ಶಾಸನಗಳಿವೆ. ಗಂಗ ದೊರೆ ಎರಡನೆಯ ಮಾರಸಿಂಹ 10ನೆಯ ಶತಮಾನದಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಈ ವ್ರತದಿಂದ ದೇಹ ಬಿಟ್ಟ. ವ್ರತ ಹಿಡಿದವರನ್ನು ಕೊನೆಯವರೆಗೆ ನೋಡಿಕೊಳ್ಳುವ ಮುನಿಗಳಿಗೆ ನಿರ್ಯಾಪಕರೆಂದು ಹೆಸರು. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಹಿನ್ನೆಲೆಯಾದ ಪ್ರಾಕೃತ ಗ್ರಂಥ ‘ಭಗವತೀ ಆರಾಧನೆ’ ಇವರ ಕರ್ತವ್ಯಗಳನ್ನು ವಿವರವಾಗಿ ವಿಧಿಸುತ್ತದೆ. ಅದರ ಪ್ರಕಾರ ನಿರ್ಯಾಪಕರು 48 ಮಂದಿ. ನಾಲ್ಕು ನಾಲ್ಕು ಜನರ ತಂಡಗಳಾಗಿ ಅವರು ಕೆಲಸ ಹಂಚಿಕೊಳ್ಳುತ್ತಾರೆ: ಮೈ ಹಿಡಿದು ಎಬ್ಬಿಸಿ ಮಗ್ಗುಲು ಬದಲಿಸುವವರು ಕೆಲವರು, ಧರ್ಮಕಥೆ ಹೇಳುವವರು ಕೆಲವರು, ಆಹಾರ ಪಾನೀಯ ನೋಡಿಕೊಳ್ಳುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು ಇನ್ನು ಕೆಲವರು. ಕಾಲ ಕೆಟ್ಟಾಗ ಸಂಖ್ಯೆ ಇಳಿಯಬಹುದಾದರೂ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ಹೊತ್ತರೆ ರೋಗಿಯೂ ಸೊರಗುತ್ತಾನೆ, ನೋಡಿಕೊಳ್ಳುವವನೂ ಸೊರಗುತ್ತಾನೆ ಎಂಬ ಅರಿವು ಈ ನಿಯಮದಲ್ಲಿದೆ. ಸಲ್ಲೇಖನ ಧಾರ್ಮಿಕ ವ್ರತ. ಅದರ ಗುರಿ ಬೇರೆ, ಇಂದಿನ ಉಪಶಾಮಕ ಆರೈಕೆಯ ಗುರಿ ಬೇರೆ. ಆದರೆ ಆರೈಕೆಯ ಕೆಲಸವನ್ನು ಹೀಗೆ ಬಿಡಿಸಿ ಹಂಚಿದ, ಅದಕ್ಕೆ ತಕ್ಕ ಜನರನ್ನು ಆರಿಸಿದ ಇಷ್ಟು ಹಳೆಯ ವಿಧಾನ ಬೇರೆಡೆ ಕಾಣುವುದು ಅಪರೂಪ.

ಸಂಸಾರಿಗಳ ಮನೆಯಲ್ಲಿ ಈ ಹೊರೆ ಹೆಂಗಸರ ಮೇಲೆ ಬಿತ್ತು. ಸೊಸೆಯೋ ಮಗಳೋ ನೋಡಿ ನೋಡಿ ಕಲಿತದ್ದೇ ವಿದ್ಯೆ. ಸರ್ಕಾರ ಹೆರಿಗೆಯ ವಿಷಯದಲ್ಲಿ ಹೀಗೆ ಮನೆಯಲ್ಲಿ ಕಲಿತ ವಿದ್ಯೆಯನ್ನು ಗುರುತಿಸಿ, ಸೂಲಗಿತ್ತಿಯರಿಗೆ ತರಬೇತಿ ಕೊಟ್ಟಿತು. ಸಾವಿನ ಹಾಸಿಗೆಯ ಪಕ್ಕ ಕೂರುವವರಿಗೆ ಅಂಥದ್ದೇನೂ ಬಹುಕಾಲ ಸಿಗಲಿಲ್ಲ. ಮಿಷನ್ ಆಸ್ಪತ್ರೆಗಳಲ್ಲಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ಬೆಳೆದ ದಾದಿ ಶಿಕ್ಷಣದ ಗಮನ ಗುಣಪಡಿಸುವುದರ ಕಡೆಗಿತ್ತು. ಚಿಕಿತ್ಸೆ ಫಲಿಸದಾದಾಗ ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತಿನಲ್ಲಿ ಆಸ್ಪತ್ರೆಯ ಪಾಲು ಮುಗಿಯುತ್ತಿತ್ತು. ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ಹೇಳಿಕೊಡುವವರಿರಲಿಲ್ಲ.

ಆಧುನಿಕ ತರಬೇತಿಯ ಮೂಲ ಲಂಡನ್ನಿನದು. ಮೊದಲು ದಾದಿಯಾಗಿ, ಬಳಿಕ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಕಲಿತ ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಯ ದಿನಗಳ ಆರೈಕೆಯ ಮನೆ) ತೆರೆದರು. ಆರೈಕೆ, ಸಂಶೋಧನೆ, ಬೋಧನೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅವರ ಹಟ. ದೇಹದ ನೋವಿನ ಜೊತೆಗೆ ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲ ಸೇರಿ ಒಂದೇ ನೋವಾಗುತ್ತದೆ ಎಂಬ ಅವರ ವಿಚಾರ ಎಲ್ಲ ಪಠ್ಯಗಳ ತಳಹದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಔಷಧ ಕ್ರಮವನ್ನು ಪ್ರಕಟಿಸಿತು. ಅದೇ ವರ್ಷ ಮುಂಬೈಯಲ್ಲಿ ಭಾರತದ ಮೊದಲ ಹಾಸ್ಪೈಸ್ ಶಾಂತಿ ಅವೇದನಾ ಸದನ ಆರಂಭವಾಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. 1994ರಲ್ಲಿ ಭಾರತೀಯ ಉಪಶಾಮಕ ಆರೈಕೆ ಸಂಘ ಹುಟ್ಟಿತು.

ಬೆಂಗಳೂರಿನಲ್ಲಿ 1994ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಹಾಗೂ ಇಂದಿರಾನಗರದ ರೋಟರಿ ಸೇರಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಸ್ಥಾಪಿಸಿದವು. ಟ್ರಸ್ಟ್ ಮೊದಲು ಮನೆಭೇಟಿಗಳಿಂದ ಕೆಲಸ ಆರಂಭಿಸಿತು. ಮಾರತ್ತಹಳ್ಳಿ ಬಳಿಯ ಅದರ ಕರುಣಾಶ್ರಯ 1999ರಲ್ಲಿ ತೆರೆಯಿತು. ಕ್ಯಾನ್ಸರಿನ ಕೊನೆಯ ಹಂತದವರಿಗೆ ಅಲ್ಲಿ ಆರೈಕೆ ಉಚಿತ. ಮುಂದೆ ಅದು ಕಲಿಕೆಯ ಕೇಂದ್ರವೂ ಆಗಿ, ದಾದಿಯರು, ಆರೋಗ್ಯ ಸಹಾಯಕಿಯರು, ಆಪ್ತಸಮಾಲೋಚಕರು ರೋಗಿಯ ಪಕ್ಕದಲ್ಲೇ ನಿಂತು ಕಲಿಯುವ ಜಾಗವಾಯಿತು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜುಗಳಲ್ಲಿ ಉಪಶಾಮಕ ವಿಭಾಗಗಳು ಬೆಳೆದವು. ಮೈಸೂರು, ಹಾಸನಗಳಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಆರೈಕೆಯನ್ನು ಮನೆಗಳಿಗೆ ಒಯ್ದಿತು. ವೈದ್ಯರಿಗೂ ದಾದಿಯರಿಗೂ ಭಾರತೀಯ ಉಪಶಾಮಕ ಆರೈಕೆ ಸಂಘ ನಡೆಸುವ ಎಂಟು ವಾರಗಳ ದೂರಶಿಕ್ಷಣ ಕೋರ್ಸು, ಕೇರಳದ ಸಂಸ್ಥೆಗಳ ಆರು ವಾರಗಳ ವಾಸ್ತವ್ಯದ ಕೋರ್ಸು ಬಹುಕಾಲ ಮುಖ್ಯ ದಾರಿಗಳಾಗಿದ್ದವು. ಉಪಶಾಮಕ ವೈದ್ಯಶಾಸ್ತ್ರದಲ್ಲಿ ದೇಶದ ಮೊದಲ ಎಂ.ಡಿ. ಪದವಿ ತರಗತಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 2012ರಲ್ಲಿ ಶುರುವಾಯಿತು.

ತರಬೇತಿಯ ಪ್ರಶ್ನೆ ತೀವ್ರ ನೋವಿನ ಔಷಧವಾದ ಮಾರ್ಫಿನ್‌ನ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ. 1985ರ ಮಾದಕವಸ್ತು ಕಾಯ್ದೆಯ ಕಠಿಣ ಶಿಕ್ಷೆಗಳಿಗೂ ಹಲವು ಇಲಾಖೆಗಳ ಪರವಾನಗಿಗಳಿಗೂ ಹೆದರಿ ಬಹಳಷ್ಟು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ನಿಲ್ಲಿಸಿದವು. ಒಂದು ತಲೆಮಾರಿನ ವೈದ್ಯರೂ ದಾದಿಯರೂ ಆ ಮಾತ್ರೆಯನ್ನು ಕೈಯಲ್ಲಿ ಹಿಡಿಯದೆಯೇ ಪದವಿ ಪಡೆದರು. 2014ರ ತಿದ್ದುಪಡಿ ಅಗತ್ಯ ಮಾದಕ ಔಷಧಗಳನ್ನು ಬೇರೆಯಾಗಿ ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಎಂಬ ವ್ಯವಸ್ಥೆ ತಂದಿತು. ಆದರೆ ಆ ಮಾನ್ಯತೆಗೆ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರಾದರೂ ಅಲ್ಲಿರಬೇಕು. ಹಾಗಾಗಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕಲಿತ ವೈದ್ಯರಿಲ್ಲದಿದ್ದರೆ ಆ ತಾಲ್ಲೂಕಿನ ರೋಗಿಗೆ ಮಾರ್ಫಿನ್ ಹತ್ತಿರದಲ್ಲಿ ಸಿಗುವುದಿಲ್ಲ. ಕೆಲವು ಮಾತ್ರೆಗಳಿಗಾಗಿ ಮನೆಯವರು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಬಸ್ಸು ಹತ್ತಬೇಕಾಗುತ್ತದೆ.

ತರಗತಿಯಲ್ಲಿ ಮೊದಲು ಕಲಿಸುವುದು ನೋವನ್ನು ಅಳೆಯುವುದು. ರೋಗಿ ಎಷ್ಟೆಂದು ಹೇಳುತ್ತಾರೋ ಅಷ್ಟೇ ನೋವು ಎಂದು ಒಪ್ಪಿಕೊಳ್ಳುವ ಅಭ್ಯಾಸ ಅನುಭವಿ ದಾದಿಯರಿಗೂ ಸುಲಭವಾಗಿ ಬರುವುದಿಲ್ಲ. ಸೊನ್ನೆಯಿಂದ ಹತ್ತರವರೆಗಿನ ಅಂಕ ಕೇಳುತ್ತಾರೆ. ಓದು ಬಾರದ ಹಿರಿಯರಿಗೆ ನಗುವ, ಅಳುವ ಮುಖಗಳ ಚಿತ್ರ ತೋರಿಸುತ್ತಾರೆ. ಮಾರ್ಫಿನ್ ಮಾತ್ರೆಯನ್ನು ನೋವು ಬಂದಾಗ ಕೊಡದೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ಜೊತೆಗೆ ಮಲಬದ್ಧತೆಗೆ ಔಷಧ ತಪ್ಪಿಸಬಾರದು. ಚಟ ಹಿಡಿಯುತ್ತದೆ ಎಂಬ ಮನೆಯವರ ಭಯವನ್ನು ನಿವಾರಿಸುವುದೂ ಪಾಠದ ಭಾಗ. ಮಧ್ಯ ಕರ್ನಾಟಕದಲ್ಲಿ ಹುಣ್ಣಿನ ಆರೈಕೆಗೆ ವಿಶೇಷ ಮಹತ್ವವಿದೆ. ಅಡಿಕೆ, ಹೊಗೆಸೊಪ್ಪು ಜಗಿಯುವ ಕಡೆ ಬಾಯಿ ಕ್ಯಾನ್ಸರ್ ಹೆಚ್ಚು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಚನ್ನಗಿರಿ ಅಡಿಕೆಯ ಸೀಮೆ. ಕೆನ್ನೆ ಒಡೆದು ವಾಸನೆ ಬರುವ ಹುಣ್ಣು ರೋಗಿಯನ್ನು ಮನೆಯ ಹಿಂದಿನ ಕೋಣೆಗೆ ತಳ್ಳುತ್ತದೆ, ನೆಂಟರು ಬರುವುದು ನಿಲ್ಲುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಉದುರಿಸಿದರೆ ವಾಸನೆ ಇಳಿಯುತ್ತದೆ. ಹುಳು ಬಿದ್ದರೆ ಟರ್ಪೆಂಟೈನ್ ಬಳಸಿ ತೆಗೆಯುತ್ತಾರೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರು, ಕುದಿಸಿ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡು ಮನೆಯಲ್ಲಿ ಪಟ್ಟಿ ಕಟ್ಟಲು ಸಾಕು. ದುಬಾರಿ ಸಾಮಗ್ರಿ ಇಲ್ಲದೆ ಮನುಷ್ಯನನ್ನು ಮತ್ತೆ ಮನೆಯವರ ನಡುವೆ ತಂದು ಕೂರಿಸುವ ಈ ಪಾಠ ಇಡೀ ತರಬೇತಿಯಲ್ಲೇ ಹೆಚ್ಚು ಬೆಲೆಬಾಳುವಂಥದು.

ಹಾಸಿಗೆಹುಣ್ಣು ತಡೆಯುವ ವಿದ್ಯೆಗೆ ನಿದರ್ಶನವಾದ, ಕನ್ನಡನಾಡಿನವರೇ ಆದ ಒಬ್ಬ ದಾದಿಯ ಪ್ರಸಂಗ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1973ರಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ ಪ್ರಜ್ಞೆ ಮರಳದೆ ಅಲ್ಲೇ ಉಳಿದರು. ಒಂದು ತಂಡದ ದಾದಿಯರು ನಿವೃತ್ತರಾದಂತೆ ಮುಂದಿನ ತಂಡದವರು ಆ ಆರೈಕೆಯನ್ನು ಕೈಗೆತ್ತಿಕೊಂಡರು. ದಶಕಗಳ ಹಾಸಿಗೆವಾಸದಲ್ಲೂ ಅವರ ಮೈಮೇಲೆ ಹಾಸಿಗೆಹುಣ್ಣು ಆಗದಂತೆ ನೋಡಿಕೊಂಡದ್ದು 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಮೆಚ್ಚುಗೆಯಿಂದ ದಾಖಲಾಗಿದೆ.

ಮಾತಿನ ತರಬೇತಿಗೆ ಹೆಚ್ಚು ಹೊತ್ತು ಬೇಕು. ‘ಅವರಿಗೆ ಹೇಳಬೇಡಿ, ಎದೆ ಒಡೆದುಕೊಳ್ತಾರೆ’ ಎಂದು ಮಗ ಬಾಗಿಲ ಹೊರಗೆ ಪಿಸುಗುಡುವುದು, ಒಳಗೆ ಎಲ್ಲ ಗೊತ್ತಿದ್ದೂ ತಂದೆ ಮಗನ ಸಲುವಾಗಿ ಸುಮ್ಮನಿರುವುದು ಇಲ್ಲಿ ಸಾಮಾನ್ಯ. ಕೆಟ್ಟ ಸುದ್ದಿ ತಿಳಿಸಲು 2000ದಲ್ಲಿ ಪ್ರಕಟವಾದ ಆರು ಹಂತಗಳ ಕ್ರಮವನ್ನು ತರಬೇತಿಗಳಲ್ಲಿ ಪಾತ್ರಾಭಿನಯದ ಮೂಲಕ ಕಲಿಸುತ್ತಾರೆ: ರೋಗಿಗೆ ಈಗಾಗಲೇ ಏನು ಗೊತ್ತು, ಇನ್ನೆಷ್ಟು ತಿಳಿಯಬೇಕೆಂದಿದ್ದಾರೆ ಎಂದು ಮೊದಲು ಕೇಳಿಸಿಕೊಳ್ಳುವುದು ಅದರ ತಿರುಳು. ಕೊನೆಯ ಗಂಟೆಗಳ ಪಾಠ ಬೇರೆ. ಬೇಡದ ಸೂಜಿ, ಡ್ರಿಪ್ ನಿಲ್ಲಿಸುವುದು, ತುಟಿ ಒದ್ದೆ ಮಾಡುವುದು, ಗಂಟಲಲ್ಲಿ ಗೊರಗೊರ ಸದ್ದು ಬಂದಾಗ ಮಗ್ಗುಲಿಗೆ ಹೊರಳಿಸುವುದು, ಆ ಸದ್ದು ರೋಗಿಯ ನರಳಾಟವಲ್ಲವೆಂದು ಮನೆಯವರಿಗೆ ತಿಳಿಹೇಳುವುದು ಅದರಲ್ಲಿ ಸೇರಿವೆ. ಪಾದೋದಕವೋ ಗಂಗೆಯ ನೀರೋ ಜಮ್‌ಜಮ್ ನೀರೋ, ಕೊನೆಯ ಗುಟುಕು ಹಾಕುವ ಆಸೆಯನ್ನು ತಡೆಯದೆ, ತಲೆ ಎತ್ತಿ ಹಿಡಿದು ಹನಿಹನಿಯಾಗಿ ಹಾಕಲು ಹೇಳಿಕೊಡುವುದು ಸ್ಥಳೀಯ ಪದ್ಧತಿಯನ್ನು ಅರಿತ ತರಬೇತಿಯ ಗುರುತು.

ಕನ್ನಡಿಗರ ಮನೆಗಳಿಗೆ ಈ ಆರೈಕೆ ವ್ಯವಸ್ಥಿತವಾಗಿ ತಲುಪಿದ ಒಂದು ಪ್ರದೇಶ ಗಡಿಯಾಚೆಯ ಕಾಸರಗೋಡು. ಕೇರಳದಲ್ಲಿ 2000ದ ಸುಮಾರಿಗೆ ಬೆಳೆದ ನೆರೆಹೊರೆ ಜಾಲದಲ್ಲಿ ಸ್ವಯಂಸೇವಕರು 16 ಗಂಟೆಗಳ ಪಾಠ ಕೇಳಿ, ನಾಲ್ಕು ದಿನ ದಾದಿಯೊಂದಿಗೆ ಮನೆಭೇಟಿ ಮಾಡಿದರೆ ಕೆಲಸಕ್ಕೆ ಸಿದ್ಧರಾಗುತ್ತಿದ್ದರು. 2008ರ ರಾಜ್ಯ ನೀತಿಯ ನಂತರ ಪಂಚಾಯಿತಿಗಳು ಮೂರು ತಿಂಗಳ ಸಮುದಾಯ ಉಪಶಾಮಕ ಕೋರ್ಸು ಮುಗಿಸಿದ ದಾದಿಯರನ್ನು ನೇಮಿಸಿಕೊಂಡವು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನಲುಗಿದ ಎಣ್ಮಕಜೆಯಂಥ ಕನ್ನಡ ಪಂಚಾಯಿತಿಗಳಲ್ಲಿ ಈ ದಾದಿಯರ ಭೇಟಿ ಹಾಸಿಗೆ ಹಿಡಿದವರಿಗೆ ಆಸರೆಯಾಯಿತು.

ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ರೂಪಿಸಿತು. ಜಿಲ್ಲಾ ಆಸ್ಪತ್ರೆಗೊಂದು ತಂಡ, ಅದರಲ್ಲಿ ವೈದ್ಯರೊಬ್ಬರು, ನಾಲ್ವರು ದಾದಿಯರು, ಸಹಾಯಕರೊಬ್ಬರು ಎಂಬುದು ಅದರ ಮಾದರಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಬಳಿಕ ಆಯುಷ್ಮಾನ್ ಭಾರತದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ 12 ಸೇವೆಗಳಲ್ಲಿ ಹಿರಿಯರ ಆರೈಕೆಯ ಜೊತೆಗೆ ಉಪಶಾಮಕ ಆರೈಕೆಯೂ ಸೇರಿತು. ಆಶಾ, ಕಿರಿಯ ಆರೋಗ್ಯ ಸಹಾಯಕಿ, ದಾದಿ, ಸಮುದಾಯ ಆರೋಗ್ಯ ಅಧಿಕಾರಿ, ವೈದ್ಯಾಧಿಕಾರಿ ಎಲ್ಲರಿಗೂ ಬೇರೆ ಬೇರೆ ಕೈಪಿಡಿಗಳು ಬಂದವು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ 2019ರಿಂದ ಜಾರಿಯಾದ ಹೊಸ ಪಠ್ಯಕ್ರಮದಲ್ಲೂ ನೋವು ನಿವಾರಣೆ, ಜೀವನಾಂತ್ಯದ ಆರೈಕೆ, ರೋಗಿಯೊಡನೆ ಮಾತಾಡುವ ಬಗೆ ಸೇರಿಕೊಂಡವು.

ಚನ್ನಗಿರಿ, ಹೊನ್ನಾಳಿಗಳು 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಬಳಿಕ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಿಂದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ವೈದ್ಯರೂ ದಾದಿಯರೂ ಕಲಿಯುವ ಊರು ಜಿಲ್ಲೆಯೊಳಗೇ ಇರುವುದು ಈ ತಾಲ್ಲೂಕುಗಳ ಭಾಗ್ಯ. ಹೊನ್ನಾಳಿ, ನ್ಯಾಮತಿಯ ಜನ ಶಿವಮೊಗ್ಗದ ಆಸ್ಪತ್ರೆಗಳಿಗೂ ಹೋಗುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿಗೋ ಮಣಿಪಾಲಕ್ಕೋ ಹೋಗಿ ಮರಳಿದ ರೋಗಿಯ ಮನೆಗೆ ಮುಂದೆ ಬರಬಹುದಾದವರು ಊರಿನ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ. ಹಾಸಿಗೆ ಹಿಡಿದವರನ್ನು ಗುರುತಿಸಿ ಪಟ್ಟಿ ಮಾಡುವುದು, ಮಗ್ಗುಲು ಬದಲಿಸುವುದನ್ನೂ ಬಾಯಿ ಶುಚಿ ಮಾಡುವುದನ್ನೂ ಮನೆಯವರಿಗೆ ತೋರಿಸುವುದು ಆಶಾ ಕೈಪಿಡಿಯ ಪಾಠಗಳು. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಸುತ್ತಲಿನ ತಾಂಡಾಗಳ ಹಿರಿಯರು ನೋವನ್ನು ಹೇಳಿಕೊಳ್ಳುವುದು ಲಂಬಾಣಿಯಲ್ಲಿ. ಅಂಥಲ್ಲಿ ತಾಂಡಾದವರೇ ಆದ ಆಶಾ ಕಾರ್ಯಕರ್ತೆಗೆ ಸಿಕ್ಕ ತರಬೇತಿ ಹೊರಗಿನಿಂದ ಬಂದ ತಜ್ಞರ ತರಬೇತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಹೇಳಿ, ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರಗಳಿಗೆ ಪತ್ರ ಬರೆದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ತೀರ್ಪನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಚೇತರಿಕೆಯ ಆಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ತೀರ್ಮಾನವನ್ನು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮೊದಲು, ದ್ವಿತೀಯ ಮಂಡಳಿ ಬಳಿಕ ಪರಿಶೀಲಿಸಬೇಕು. ಯಂತ್ರ ತೆಗೆದ ಮೇಲೂ ನೋವು, ಉಬ್ಬಸಗಳ ಚಿಕಿತ್ಸೆ ಮುಂದುವರಿಯಲೇಬೇಕಾದ್ದರಿಂದ, ನಿರ್ದೇಶನ ಬರೆಯುವವರಿಗೆ ವಿಷಯ ತಿಳಿಸುವುದು, ಮನೆಯವರ ಜೊತೆ ಕೂತು ಮಾತಾಡುವುದು, ಚಿಕಿತ್ಸೆ ಹಿಂತೆಗೆಯುವಾಗ ರೋಗಿಗೆ ನೋವಾಗದಂತೆ ನೋಡಿಕೊಳ್ಳುವುದು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ವೈದ್ಯರೂ ದಾದಿಯರೂ ಹೊಸದಾಗಿ ಕಲಿಯಬೇಕಾದ ಕೆಲಸಗಳಾದವು.