ಗಾಲಿ ಮೇಲಿನ ಮನೆ – 4: ಚಾವಣಿಯ ಕಿಂಡಿ
ಅಡುಗೆ ಮೂಲೆ ನೋಡಿದ್ರಿ, ಈಗ ಮಲಗೋ ಜಾಗ. 1936ರಲ್ಲಿ ಅಮೆರಿಕದ ವಾಲಿ ಬಯಾಮ್ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ತಂದರು: ಕಾರಿನ ಹಿಂದೆ ಎಳೆದೊಯ್ಯೋ ಅಲ್ಯೂಮಿನಿಯಂ ಮನೆ, ನಾಲ್ವರಿಗೆ ಹಾಸಿಗೆ, ಬೆಲೆ 1,200 ಡಾಲರ್. ಸೆಕೆಗೆ ಏನಿತ್ತು ಗೊತ್ತಾ? ಡ್ರೈ ಐಸ್! ಅದು ಆವಿಯಾಗೋವರೆಗಷ್ಟೇ ತಂಪು.

ಉಳಿದುಕೊಂಡಿದ್ದು ಮಾತ್ರ ಚಾವಣಿಯ ಕಿಂಡಿ. ಬಿಸಿಗಾಳಿ ಮೇಲೇರುತ್ತಲ್ಲ, ನಮ್ಮ ಹಳೇ ಮನೆಗಳ ಗವಾಕ್ಷಿ ಲೆಕ್ಕಾನೇ. ಅಮೆರಿಕದ ಕ್ಯಾಂಪರ್‌ಗಳಲ್ಲಿ ಅದಕ್ಕೆ 14×14 ಇಂಚು ಅನ್ನೋ ಅಳತೆ ರೂಢಿಯಾಯ್ತು. ಹಾಗಾಗಿ ಇವತ್ತು ಹಳೇ ಗಾಡಿಯಲ್ಲೂ ಬರೀ ಮುಚ್ಚಳ ಇದ್ದ ಕಿಂಡಿಗೇ 12 ವೋಲ್ಟ್ ಫ್ಯಾನ್ ಕೂರಿಸಬಹುದು, ಚಾವಣಿ ಹೊಸದಾಗಿ ಕೊರೆಯೋದು ಬೇಡ. (ಸುತ್ತಲಿನ ಸೀಲಂಟ್ ಬಿರುಕುಬಿಟ್ರೆ ಮಳೆ ನೇರ ಹಾಸಿಗೆಗೇ!)

ಆದ್ರೆ ಕಿಟಕಿಯೆಲ್ಲ ಮುಚ್ಚಿ ಫ್ಯಾನ್ ಹಾಕ್ಬೇಡಿ. ಒಳಗಿನ ಗಾಳಿ ಹೊರಗೆ ಹೋದಷ್ಟೂ ಬೇರೆ ಗಾಳಿ ಬರಲೇಬೇಕು. ದಾರಿ ಸಿಗದಿದ್ರೆ ಗ್ಯಾಸ್ ಹೀಟರ್‌ನ ಕೊಳವೆಯಿಂದ ಕಾರ್ಬನ್ ಮಾನಾಕ್ಸೈಡ್ ಒಳಗೆಳೆದುಕೊಳ್ಳಬಹುದು. ಅದಕ್ಕೆ ವಾಸನೆಯೂ ಇಲ್ಲ, ಮಲಗಿದವರಿಗೆ ತಿಳಿಯೋದೇ ಇಲ್ಲ.