ಮಾವನ ಜೀಪು ಮತ್ತು ದೇವಿಮನೆ ಘಟ್ಟ

1973–74ರಲ್ಲಿ ಕಚ್ಚಾ ತೈಲದ ಬೆಲೆ ಜಗತ್ತಿನಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಅದರ ಬಿಸಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೂ ತಟ್ಟಿತು. ನನ್ನ ಸೋದರಮಾವನವರು ತಮ್ಮ ಪೆಟ್ರೋಲ್ ಜೀಪಿಗೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿದರು. ಗೇರ್‌ಬಾಕ್ಸು ಮಾತ್ರ ಹಳೆಯ ಮೂರು ಗೇರಿನದೇ ಉಳಿಯಿತು.

ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುತ್ತಿತ್ತು. ಇದು ಸುಮಾರು ಅದರರ್ಧಕ್ಕೇ ದಣಿಯುತ್ತಿತ್ತು. ಮಳೆಗಾಲದ ಒಂದು ರಾತ್ರಿ ಘಟ್ಟದ ಕೆಳಗಿನಿಂದ ಅಜ್ಜಿಯನ್ನು ಶಿರಸಿಯ ಆಸ್ಪತ್ರೆಗೆ ಒಯ್ಯುವಾಗ, ದೇವಿಮನೆಯ ಏರಿನಲ್ಲಿ ಎರಡನೆಯ ಗೇರು ಎಳೆಯಲಿಲ್ಲ, ಒಂದನೆಯದು ತೆವಳಿತು. ತಲುಪುವಾಗ ಬೆಳಗಾಗಿತ್ತು. ಅಜ್ಜಿ ಉಳಿದರು. ಮಾವನವರು ಆ ವಾರವೇ ನಾಲ್ಕು ಗೇರಿನದನ್ನು ಹಾಕಿಸಿದರು.

ಮುಂದೆ ಮಹೀಂದ್ರದ ಎಂ.ಎಂ. 540 ಜೀಪು ಪ್ಯೂಜೋ ಡೀಸೆಲ್ ಎಂಜಿನ್ನಿನೊಂದಿಗೇ ನಾಲ್ಕು ಗೇರುಗಳನ್ನೂ ತಂದಿತು. ಪ್ರಿಯ ವಿದ್ಯಾರ್ಥಿಗಳೇ, ಬಲವಿದ್ದರೆ ಸಾಲದು. ಅದನ್ನು ಏರಿಗೆ ತಕ್ಕಂತೆ ಹಂಚುವ ಹದವೂ ಬೇಕು.